ಹಿಂದಿನ ಸಾಲಿನ ಕಂಠ

ನನ್ನದೊಂದು ಸಣ್ಣ ಕಳ್ಳತನ ಯಾರಿಗೂ ಗೊತ್ತಿರಲಿಲ್ಲ. ಭಜನೆಯಲ್ಲಿ ನಾನು ಹಾಡುತ್ತಿರಲಿಲ್ಲ. ಬಾಯಿ ಮಾತ್ರ ಆಡಿಸುತ್ತಿದ್ದೆ. ಡೈರಿಯಲ್ಲಿ ಕೂಡ ಬರೆದಿರಲಿಲ್ಲ. ಬರೆದರೆ ನಿಜವಾಗಿಬಿಡುತ್ತದೆ ಎಂಬ ಭಯ.

ಡೊಂಬಿವಲಿಯ ಈ ಭಜನಾ ಮಂಡಳಿಗೆ ದೇವರಿಗಾಗಿ ಬಂದೆ ಎಂದರೆ ಸುಳ್ಳಾದೀತು. ಬಾಡಿಗೆ ಕೋಣೆಯಿಂದ ಘಣಸೋಲಿಯ ಆಫೀಸಿಗೆ, ಆಫೀಸಿನಿಂದ ಕೋಣೆಗೆ. ಕೆಲವು ದಿನ ಬೆಳಗಿನಿಂದ ರಾತ್ರಿಯವರೆಗೆ ನಾನು ಆಡಿದ ಮಾತೆಂದರೆ, ಲೋಕಲ್ ರೈಲಿನ ಬಾಗಿಲಲ್ಲಿ ಮುಂದೆ ನಿಂತವಳು ಇಳಿಯುವವಳೋ ಎಂದು ಕೇಳಿದ "ಠಾಣೆ ಉತರನಾ ಹೈ ಕ್ಯಾ?" ಅಷ್ಟೇ. ಶನಿವಾರ ಸಂಜೆ ನಾಲ್ಕು ಜನರ ಮಧ್ಯೆ ಕೂತರೆ ಬೇರೆಯವರ ದನಿಯಾದರೂ ಮೈಗೆ ತಾಗುತ್ತದಲ್ಲ ಎಂದು ಬಂದವಳು ನಾನು. ಹಾಡಲು ಹೋದರೆ ನನ್ನ ದನಿ ಒಣಗಿದ ಎಲೆಯನ್ನು ಹಿಸುಕಿದ ಹಾಗೆ ಕೇಳುತ್ತಿತ್ತು. ಆದ್ದರಿಂದ ಹಿಂದಿನ ಸಾಲು, ಬರೀ ಬಾಯಿ.

ಸಂಕಟ ಶುರುವಾದದ್ದು ಕಳೆದ ತಿಂಗಳು. ಆರತಿಯಾದ ಮೇಲೆ ಮಂಡಳಿಯ ಕಾರ್ಯದರ್ಶಿ ಪ್ರೇಮನಾಥಣ್ಣ, "ಹಿಂದಿನಿಂದ ಎಂಥ ಕಂಠ ಮಾರಾಯ್ರೆ! ದಿಶಾ, ನಿಂದೇ ಅಲ್ವಾ? ಗಂಟೆ ಬಡಿದ ಮೇಲೆ ಗುಂಯ್ ಅಂತ ಉಳೀತದಲ್ಲ, ಹಾಗೇ ಉಂಟು. ಈ ಸಲ ಮಂಗಳೋತ್ಸವಕ್ಕೆ ಒಂದು ಭಜನೆ ನೀನೊಬ್ಬಳೇ ಹೇಳ್ಬೇಕು" ಎಂದರು. ಎಲ್ಲರೂ ತಿರುಗಿ ನೋಡಿದರು. ಯಾರೋ ಬೆನ್ನು ತಟ್ಟಿದರು. ಎಷ್ಟು ಕಾಲವಾಗಿತ್ತೋ, ಒಂದು ಕೈ ಪ್ರೀತಿಯಿಂದ ನನ್ನ ಬೆನ್ನ ಮೇಲೆ ಬಿದ್ದು. ಅಲ್ಲ ಎನ್ನಲು ಆಗಲಿಲ್ಲ. ಪಕ್ಕದಲ್ಲಿ ಕೂರುವ ಕಾಲೇಜು ಹುಡುಗಿ ತನ್ವಿಯ ದನಿಯನ್ನು ನನ್ನದೆಂದುಕೊಂಡಿದ್ದಾರೆ ಎಂದು ಸಮಾಧಾನ ಮಾಡಿಕೊಂಡೆ.

ಮಂಗಳೋತ್ಸವ ಮಂಡಳಿಯ ವರ್ಷದ ದೊಡ್ಡ ಹಬ್ಬ. ಅದರ ಹಿಂದಿನ ಸಂಜೆ ಕೊನೆಯ ಅಭ್ಯಾಸವಿತ್ತು. ಬಿಟ್ಟೂಬಿಡದ ಮಳೆ. ಹಳಿಯ ಮೇಲೆ ನೀರು ನಿಂತು ಕಳವಾ ಸ್ಟೇಷನ್ನಿನ ಆಚೆಯೇ ಗಾಡಿಗಳೆಲ್ಲ ನಿಂತಿದ್ದವು. ಹಾರ್ಮೋನಿಯಂನವರು, ತಬಲದವರು ಅವುಗಳೊಳಗೇ ಸಿಕ್ಕಿಕೊಂಡಿದ್ದರು. ಅಷ್ಟರಲ್ಲಿ ಕರೆಂಟೂ ಹೋಯಿತು. ದೇವರ ಮುಂದಿನ ದೀಪದ ಸುತ್ತ ನಾವು ಕೆಲವರು ಒತ್ತೊತ್ತಾಗಿ ಕುಳಿತೆವು.

"ದೊಡ್ಡಮ್ಮ, ಏಕ್ ಭೂತ್ ಕೀ ಸ್ಟೋರಿ ಹೋ ಜಾಯೇ" ಎಂದಳು ತನ್ವಿ.

ಹರಿಣಾಕ್ಷಿ ದೊಡ್ಡಮ್ಮ ಮಂಡಳಿಯಲ್ಲಿ ಎಲ್ಲರಿಗಿಂತ ಹಿರಿಯರು. ನಮಗೆ ಹಾಡು ಕಲಿಸುವವರೂ ಅವರೇ. ಬಾಯಿ ಮುಚ್ಚಿ 'ಮ್' ಎನ್ನಿಸುತ್ತಾರೆ. ಮೂಗಿನ ಬುಡಕ್ಕೆ, ಎದೆಗೆ, ನೆತ್ತಿಗೆ ಬೆರಳಿಟ್ಟು ಎಲ್ಲಿ ನಡುಗುತ್ತದೆ ನೋಡುತ್ತಾರೆ. ಗಂಟಲು ಬರೀ ತಂತಿ, ತಂಬೂರಿಯ ಬುರುಡೆಯಂತೆ ಮೈಯೆಲ್ಲ ಗುಂಯ್‌ಗುಡಬೇಕು ಎನ್ನುತ್ತಾರೆ.

"ಭೂತ ಅಂತ ಹೇಳ್ಬೇಡ ಮಗಾ, ನಮ್ಮ ಕಡೆ ಭೂತ ಅಂದ್ರೆ ದೇವರು" ಎಂದು ಸೆರಗು ಹೊದ್ದುಕೊಂಡರು. "ಇದು ಬೇರೆ..."

ಮತ್ತೆ ದೀಪವನ್ನೇ ನೋಡುತ್ತ ಶುರು ಮಾಡಿದರು.

"ಈ ಬಿಲ್ಡಿಂಗ್ ಏಳುವ ಮೊದಲು ಇಲ್ಲೊಂದು ಚಾಳ್ ಇತ್ತು, ಸಾಲು ಸಾಲು ಬಾಡಿಗೆ ಕೋಣೆ, ಟೆರೇಸಿನ ಮೇಲೆ ದೊಡ್ಡ ಸಿಮೆಂಟಿನ ಟಾಂಕಿ... ಆ ಚಾಳಿನಲ್ಲಿ ವಸಂತಿ ಅಂತ ಒಬ್ಬಳಿದ್ದಳು. ಕಾರ್ಕಳದ ಕಡೆಯವಳು, ಎಂಐಡಿಸಿಯ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸ, ಗಂಡ ಇಲ್ಲ, ಮಕ್ಕಳಿಲ್ಲ, ಊರಿಂದ ಒಂದು ಕಾಗದ ಹಾಕುವವರಿಲ್ಲ. ಭಜನೆ ಅಂದ್ರೆ ಪ್ರಾಣ. ಆದ್ರೆ ದನಿ? ಒಡೆದ ಮಡಿಕೆ! ಆಗ ಕಲಿಸ್ತಿದ್ದ ಮಾಸ್ಟ್ರು ಅವಳಿಗೆ ಏನು ಹೇಳಿದ್ರು ಗೊತ್ತುಂಟಾ? 'ನೀನು ಹಿಂದೆ ಕೂತು ಬಾಯಿ ಆಡಿಸು, ಸಾಕು. ಸಾಲು ತುಂಬಿದ ಹಾಗೆ ಕಾಣ್ತದೆ.' ಎಲ್ಲರೂ ನಗಾಡಿದ್ರು. ಅವಳೂ ನಗಾಡಿದಳು...

"ವಾರಕ್ಕೊಂದು ದಿನ ನೀರು ಬಂದ್ ಇರ್ತದಲ್ಲ, ಆ ದಿನ ಟಾಂಕಿ ಖಾಲಿ. ಅವಳು ಏಣಿ ಹತ್ತಿ, ಮುಚ್ಚಳ ಸರಿಸಿ, ತಲೆ ಒಳಗೆ ಹಾಕಿ 'ಮ್...' ಅಂತ ಶುರು ಮಾಡಿದಳು. ಊರಲ್ಲಾದ್ರೆ ಬಾವಿ ಉಂಟು, ಕೊಡಪಾನ ಉಂಟು, ಇಲ್ಲಿ ಎಂಥ ಉಂಟು ಹೇಳಿ? ಆ ಟಾಂಕಿ ಅವಳ ದನಿಗೆ ಮೈ ಕೊಟ್ಟಿತು. ಇಡೀ ಡೊಂಬಿವಲಿಯಲ್ಲಿ ಅವಳಿಗೆ ಉತ್ತರ ಕೊಟ್ಟದ್ದು ಅದೊಂದೇ... ಆಮೇಲೆ ದಿನಾ ಹತ್ತಿದಳು, ಡ್ಯೂಟಿ ಮುಗಿಸಿ, ನೀರಿದ್ದರೂ ಸೈ, ಇಲ್ಲದಿದ್ದರೂ ಸೈ. ಬರ್ತಾ ಬರ್ತಾ ಚಾಳಿನ ತಗಡು ನಡುಗುವಂಥ ಕಂಠ ಬಂತು ಮಾರಾಯ್ತಿ! ಈ ಸಲ ಮಂಗಳೋತ್ಸವಕ್ಕೆ ಬಾಯಿ ಬಿಟ್ಟು ಹಾಡ್ತೇನೆ ಅಂತ ಕಂಡ ಕಂಡವರಿಗೆಲ್ಲ ಹೇಳಿದಳು.

"ಹಬ್ಬ ಹತ್ತಿರ ಬಂತು. ಅವಳು ಮಾತ್ರ ಕಣ್ಣಿಗೆ ಬೀಳಲಿಲ್ಲ. ಸಂಜೆಯಾದ್ರೆ ಮೇಲಿಂದ ಹಾಡು ಕೇಳ್ತಾ ಇತ್ತಲ್ಲ... ಹಾಡುವವಳ ಬಾಗಿಲು ಯಾರು ತಟ್ಟುತ್ತಾರೆ? ಸೌಖ್ಯ ಇದ್ದಾಳೆ ಅಂತ ಚಾಳಿನವರೆಲ್ಲ ತಿಳ್ಕೊಂಡ್ರು. ಕೊನೆಗೆ ವಾಸನೆ ಬಂದು ಬಾಗಿಲು ಒಡೆದ್ರು. ಜ್ವರವಂತೆ. ಜೀವ ಹೋಗಿ ಎಷ್ಟೋ ದಿನ ಆಗಿತ್ತಂತೆ... ಹೆಣ ಇಳಿಸುವಾಗಲೂ ಟಾಂಕಿಯಲ್ಲಿ ಹಾಡು ಕೇಳ್ತಾ ಇತ್ತು."

ಹೊರಗೆ ಮಳೆ ಕಿಟಕಿಗೆ ರಪರಪ ಬಡಿಯಿತು. ಪ್ರೇಮನಾಥಣ್ಣ ದೀಪಕ್ಕೆ ಎಣ್ಣೆ ಹಾಕುವ ನೆಪದಲ್ಲಿ ಹತ್ತಿರ ಜರುಗಿದರು.

"ಮತ್ತೆ ಚಾಳ್ ಬಿತ್ತು, ಟಾಂಕಿ ಒಡೆದ್ರು. ಆ ದನಿ ಎಲ್ಲಿಗೆ ಹೋಗ್ಬೇಕು, ನೀವೇ ಹೇಳಿ? ಅದಕ್ಕೊಂದು ಟೊಳ್ಳು ಬೇಕು... ತೆರೆದ ಬಾಯಿ, ಒಳಗೆ ದನಿ ಇಲ್ಲದ್ದು. ಭಜನೆಯಲ್ಲಿ ಅಂಥದ್ದು ಒಂದಾದ್ರೂ ಸಿಗ್ತದೆ. ಹಿಂದೆ ಒಬ್ಬಳು ಹುಡುಗಿ ಇದ್ದಳು, ಪಾಪದವಳು. ಎಲ್ಲರೂ ಹೊಗಳಿದ್ರು, ಅವಳು ಸುಮ್ಮನೆ ಹೊಗಳಿಸಿಕೊಂಡಳು. ಹಬ್ಬದ ದಿನ ಒಬ್ಬಳೇ ಹಾಡಿದಳು... ಅಂಥ ಹಾಡು ನಾನು ಈ ಜನ್ಮದಲ್ಲಿ ಕೇಳಲಿಲ್ಲ. ಮರುದಿನ ಊರಿಗೆ ಫೋನ್ ಮಾಡಿ 'ಅಮ್ಮಾ' ಅಂದಳಂತೆ. ಆಚೆಯಿಂದ ತಾಯಿ ಕೇಳಿದ್ದು, 'ಯಾರು ಮಾತಾಡುವುದು?' ... ಅವಳ ಸ್ವಂತ ದನಿ ಮತ್ತೆ ಬರಲೇ ಇಲ್ಲ."

ತನ್ವಿ ಕಿಸಕ್ಕನೆ ನಕ್ಕಳು. "ಮೈಂ ತೋ ಸೇಫ್ ಹೂಂ ದೊಡ್ಡಮ್ಮ! ಮೈಂ ಮುಂಹ್ ಹೀ ನಹೀಂ ಖೋಲ್ತೀ, ಬಸ್ ತಾಲೀ ಬಜಾತೀ ಹೂಂ."

"ಅದೂ ತಾಳ ತಪ್ಪಿ!" ಎಂದರು ಪ್ರೇಮನಾಥಣ್ಣ. ಎಲ್ಲರೂ ನಕ್ಕರು.

ನನಗೆ ನಗು ಬರಲಿಲ್ಲ. ತನ್ವಿ ಬರೀ ಚಪ್ಪಾಳೆ ತಟ್ಟುವವಳು, ಹಾಡುವುದೇ ಇಲ್ಲ; ನನ್ನ ಕಳ್ಳತನ ಮುಚ್ಚುವ ಭರದಲ್ಲಿ ಅವಳ ಬಾಯಿಯ ಕಡೆ ನಾನು ನೋಡಿಯೇ ಇರಲಿಲ್ಲ. ಹಿಂದಿನ ಸಾಲಿನಲ್ಲಿ ಕೂರುವವರು ನಾವಿಬ್ಬರೇ.

"ನಗಾಡಿ, ನಗಾಡಿ..." ದೊಡ್ಡಮ್ಮನ ದನಿ ಇಳಿಯಿತು. "ಕಳೆದ ತಿಂಗಳಿಂದ ಹಿಂದಿನಿಂದ ಒಂದು ಗುಂಯ್ ಬರ್ತಾ ಉಂಟಲ್ಲ... ಅದು ನನಗೆ ಹಳೇ ಪರಿಚಯದ್ದು. ಯಾರ ಬಾಯಲ್ಲಿ ಬಂದು ಕೂತಿದ್ದಾಳೆ ಅಂತ ನಾನು ತಿರುಗಿ ನೋಡಲಿಲ್ಲ. ನೋಡುವುದೂ ಇಲ್ಲ."

"ಸಾಕು ದೊಡ್ಡಮ್ಮ, ಮಕ್ಕಳು ಹೆದರ್ತಾರೆ" ಎಂದು ಪ್ರೇಮನಾಥಣ್ಣ ತಾಳ ಕೈಗೆತ್ತಿಕೊಂಡರು. "ಗಾಡಿ ಬರುವಾಗ ಬರ್ಲಿ. ದಿಶಾ, ನಾಳೆದ್ದು ಒಮ್ಮೆ ಹೇಳು, ಕೇಳುವ."

ಮುಖಗಳೆಲ್ಲ ನನ್ನ ಕಡೆ ತಿರುಗಿದವು, ಅಷ್ಟೂ ಪ್ರೀತಿಯಿಂದ. ನಾನು ಬಾಯಿ ತೆರೆದೆ. ಇನ್ನೂ ಉಸಿರು ಕೂಡ ಎಳೆದಿರಲಿಲ್ಲ, ಮೂಗಿನ ಬುಡದಲ್ಲಿ ಸಣ್ಣಗೆ ನಡುಕ ಶುರುವಾಯಿತು. ಎದೆಗೆ ಇಳಿಯಿತು, ನೆತ್ತಿಗೆ ಏರಿತು. ಬೆಚ್ಚಗಿತ್ತು. ನನ್ನ ಕೋಣೆಯಲ್ಲಿ ಯಾರೋ ನನಗಾಗಿ ದೀಪ ಹಚ್ಚಿಟ್ಟು ಕಾದಂತಿತ್ತು. ಬಿಟ್ಟುಕೊಟ್ಟರೆ ಸಾಕು, ನಾಳೆ ಎಲ್ಲ ಕೈಗಳೂ ನನ್ನ ಬೆನ್ನ ಮೇಲೆ. ನನಗೇನು ಬೇಡವಾಗಿತ್ತೇ?

ಬಾಯಿ ಮುಚ್ಚಿದೆ. ನಡುಕ ಹಲ್ಲಿನ ಹಿಂದೆ ಬಂದು ನಿಂತಿತು. ಉಗುಳು ನುಂಗಿ, ಗಂಟಲನ್ನಷ್ಟೇ ನಂಬಿ, ಒಣಗಿದ ಎಲೆಯಂಥ ಆ ದನಿಯಲ್ಲಿ ಹೇಳಿದೆ:

"ಪ್ರೇಮನಾಥಣ್ಣ... ಇಷ್ಟು ದಿನ ಹಾಡಿದ್ದು ನಾನಲ್ಲ."