ಭಾನುವಾರದ ನೀರು

ಕಾಡುಗೋಡಿ ಬಸ್ ನಿಲ್ದಾಣದಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಕಲ್ಲುಬೆಂಚಿನ ಮೇಲೆ ಬಾಡಿಗೆ ಮನೆಗಳ ಯಜಮಾನನೊಬ್ಬ ಕೂತಿದ್ದ. ಅವನ ವಠಾರದ ಹೆಂಗಸು, ಬೆಂಚಿನಲ್ಲಿ ಜಾಗವಿದ್ದರೂ, ನಿಂತೇ ಮಾತಾಡುತ್ತಿದ್ದಳು.

"ಯಜಮಾನ್ರ, ಓಟಿನ ಪಟ್ಟಿಯೊಳಗ ನನ್ನ ಹೆಸರಿಲ್ಲಂತ್ರಿ."

"ಬಾಡಿಗೆಯೋರ್ದು ಯಾರ್ದೂ ಇಲ್ಲ ಹೊಳೆವ್ವ. ಪಂಚಾಯ್ತಿಗೆ ಸ್ವಂತ ಮನೆ ಇರೋರೇ ಓಟಾಕ್ಬೇಕು ಅಂತ ಈಗ ಡೆಲ್ಲೀಲಿ ಹೊಸ ಕಾನೂನು ಮಾಡವ್ರೆ."

"ನಮಗೂ ಓಟು ಕೊಡ್ತೀವಂತ ಪಂಚಾಯ್ತಿಯವ್ರು ಠರಾವು ಮಾಡಿದ್ರಲ್ರಿ."

"ಪಾರ್ಲಿಮೆಂಟಿನ ಮುಂದೆ ನಮ್ ಪಂಚಾಯ್ತಿ ಯಾವ ಲೆಕ್ಕ?"

"ಊರಾಗಿನ ಹೆಸರು ತೆಗಿಸಿದ್ರಷ್ಟ ಇಲ್ಲಿ ಸೇರಸ್ತಾರಂತ ನೀವ ಹೇಳಿದ್ರಿ. ರಜಾ ಹಾಕಿ ಕೊಪ್ಪಳಕ್ಕ ಹೋಗಿ ತೆಗಿಸಿ ಬಂದೀನ್ರಿ."

"ಅವತ್ತು ಅಂಗಿತ್ತು. ಇವತ್ತು ಇಂಗೈತೆ."

"ಹಂಗಾದ್ರ ಈಗ ನನ್ನ ಓಟು ಎಲ್ಲೈತ್ರಿ?"

"ಎಲ್ಲೂ ಇಲ್ಲ. ಇದ್ದಿದ್ರೆ ಏನ್ ಮಾಡ್ತಿದ್ದೆ?"

"ನಮ್ಮ ವಠಾರಕ್ಕೊಂದು ನಳ ಹಾಕಸ್ರಿ ಅಂತ ಕೇಳ್ತಿದ್ವಿ."

"ಓಟಿಲ್ದೋರಿಗೆ ನಲ್ಲಿ ಯಾರಾಕುಸ್ತಾರೆ?"

ಬಸ್ಸು ಬಂತು. ಯಜಮಾನನ ಚೀಲವನ್ನು ಅವಳೇ ಎತ್ತಿಕೊಂಡಳು.

"ಭಾನುವಾರ ಎಂಗೂ ಫ್ರೀ ಇರ್ತೀಯ. ಬೆಳಿಗ್ಗೆನೇ ಬೂತಿನತ್ರ ಬಂದ್ಬಿಡು. ಓಟಾಕೋಕೆ ಬರೋರಿಗೆ ಕುಡಿಯೋಕೆ ನೀರು ಕೊಡ್ಬೇಕು."

"ನೀರು ಎಲ್ಲಿಂದ ತರಲಿ?"

ಅವನು ಬಸ್ಸಿನ ಮೆಟ್ಟಿಲು ಹತ್ತುತ್ತಲೇ ಹೇಳಿದ. "ನಮ್ಮನೆ ನಲ್ಲೀಲಿ ಹಿಡ್ಕೊ. ಅವತ್ತೊಂದಿನ ಯಾರೂ ಏನೂ ಅನ್ನಲ್ಲ."