ಊಟಕ್ಕೆ ಕರೆಯುವ ರೀತಿ

ಇಂದಿನ ಗ್ಯಾದರಿಂಗಿನ ಅಧ್ಯಕ್ಷಸ್ಥಾನವನ್ನು ಅಲಂಕರಿಸಿರುವ ಜಯವಂತ ಸೌಂಶಿ ಸಾಹೇಬರೇ, ಮುಖ್ಯ ಅತಿಥಿಗಳಾಗಿ ಬಂದಿರುವ ಸಭಾಪಾಲಕ ದೇವಪ್ರಿಯ ಅಯ್ಯನವರೇ, ನಮ್ಮ ವಾರ್ಡನ್ ಕರುಣಾಬಾಯಿಯವರೇ, ಹಾಸ್ಟೆಲ್ ಕಮಿಟಿಯ ಹಿರಿಯರೇ, ಹಿಂದಿನ ಬೆಂಚಿನಿಂದ ನನ್ನನ್ನು ನಗಿಸಲು ನೋಡುತ್ತಿರುವ ಸೀನಿಯರ್ ಅಕ್ಕಂದಿರೇ, ಸಭಿಕರೇ,

ವಂದನಾರ್ಪಣೆಯನ್ನು ಫಸ್ಟ್ ಇಯರ್ ಹುಡುಗಿಯೇ ಮಾಡಬೇಕೆಂಬುದು ನಮ್ಮ ಹಾಸ್ಟೆಲಿನ ಪದ್ಧತಿ. ಯಾಕೆಂದು ಕೇಳಿದೆ. ವಂದನಾರ್ಪಣೆಯ ಹೊತ್ತಿಗೆ ಎಲ್ಲರೂ ಏಳುತ್ತಿರುತ್ತಾರೆ, ಕುರ್ಚಿಗಳ ಸದ್ದಿನಲ್ಲಿ ನಿನ್ನ ತಪ್ಪುಗಳು ಯಾರಿಗೂ ಕೇಳಿಸುವುದಿಲ್ಲ ಎಂದರು. ಆ ಧೈರ್ಯದ ಮೇಲೆ ನಿಂತಿದ್ದೇನೆ. ದಯವಿಟ್ಟು ಕುರ್ಚಿಗಳ ಸದ್ದು ಸ್ವಲ್ಪ ಮಾಡಿ.

ನನ್ನ ಕನ್ನಡವನ್ನೂ ನೀವು ಕ್ಷಮಿಸಬೇಕು. ಐದನೆಯ ವಯಸ್ಸಿಗೆ ಮಿಷನಿನ ಬೋರ್ಡಿಂಗ್ ಸೇರಿದವಳು ನಾನು. ಅಲ್ಲಿ ಪ್ರಾರ್ಥನೆ ಕನ್ನಡದಲ್ಲಿ, ಬೈಗುಳ ಇಂಗ್ಲಿಷಿನಲ್ಲಿ. ಹೀಗಾಗಿ ದೇವರ ಜೊತೆ ಮಾತಾಡುವ ಕನ್ನಡ ಬರುತ್ತದೆ, ಮನುಷ್ಯರ ಜೊತೆ ಮಾತಾಡುವ ಕನ್ನಡ ಈಚೆಗೆ ಕಲಿಯುತ್ತಿದ್ದೇನೆ.

ಮೊದಲು ಥ್ಯಾಂಕ್ಸ್ ಹೇಳಿಬಿಡುತ್ತೇನೆ, ಆಮೇಲೆ ಮರೆತೀತು. ಅಧ್ಯಕ್ಷರಿಗೆ ವಂದನೆಗಳು. ಒಳ್ಳೆಯ ಪ್ರಸಂಗ ಮಾಡಿದ ಅಯ್ಯನವರಿಗೆ ವಂದನೆಗಳು. ಗರಗದಿಂದ ನೂಲಿನ ಹಾರ ತರಿಸಿಕೊಟ್ಟವರಿಗೆ, ಗ್ಯಾಸ್ ಲೈಟು ಕೊಟ್ಟವರಿಗೆ, ಅದು ಆರಿದಾಗ ಪಂಪು ಹೊಡೆದವರಿಗೆ ವಂದನೆಗಳು.

ಇಲ್ಲಿಗೆ ನಾನು ಕೆಳಗಿಳಿಯಬೇಕು. ಇಳಿಯುವುದಿಲ್ಲ.

ಅಧ್ಯಕ್ಷರು ತಮ್ಮ ಭಾಷಣದಲ್ಲಿ ಸುಗ್ಗಿ ಹಬ್ಬದ ಊಟದ ವಿಷಯ ಎತ್ತಿದರು. ಹೊರಗಿನಿಂದ ಬಂದ ಸಭಿಕರಿಗೆ ತಿಳಿಸುತ್ತೇನೆ. ವರ್ಷಕ್ಕೊಮ್ಮೆ, ಚರ್ಚಿನ ಸುಗ್ಗಿ ಹಬ್ಬದ ಭಾನುವಾರ, ನಮ್ಮ ಊಟದ ಹಾಲಿನಲ್ಲಿ ಹುಡುಗಿಯರಾದ ನಾವು ಅಡುಗೆ ಮಾಡಿ, ರೈಲ್ವೆ ಹಳಿಯ ಆಚೆಗಿನ ಓಣಿಯವರನ್ನು ಕರೆದು ಬಡಿಸುತ್ತೇವೆ. ಮುಂದಿನ ವರ್ಷದಿಂದ ಹಾಲಿನ ಪಂಕ್ತಿ ಬೇಡ, ಅನ್ನವನ್ನು ಎಲೆಯಲ್ಲಿ ಕಟ್ಟಿ ಗೇಟಿನಲ್ಲೇ ಕೊಟ್ಟು ಕಳಿಸೋಣ ಎಂದು ಕಮಿಟಿ ಯೋಚಿಸಿದೆ. ನೋಟೀಸ್ ಬೋರ್ಡಿಗೆ ಹಚ್ಚಿದ್ದಾರೆ. ಇವತ್ತಿನ ಸಭೆ ಮುಗಿದ ಮೇಲೆ ಕಮಿಟಿ ಕೂತು ನಿರ್ಣಯ ಮಾಡುತ್ತದೆ.

ಅಧ್ಯಕ್ಷರು ಕೊಟ್ಟ ಕಾರಣಗಳಲ್ಲಿ ಸುಳ್ಳು ಯಾವುದಿದೆ? ಪಂಕ್ತಿಯ ದಿನ ಮೋರಿ ಕಟ್ಟಿಕೊಂಡಿತ್ತು, ಖರೆ. ಹೆಣ್ಣುಮಕ್ಕಳ ಹಾಸ್ಟೆಲಿಗೆ ಹೊರಗಿನ ಗಂಡಸರು ಬರುತ್ತಾರೆ, ಅದೂ ಖರೆ. ಗೇಟಿನಲ್ಲಿ ಕೊಟ್ಟರೂ ಹೊಟ್ಟೆ ತುಂಬುತ್ತದೆ, ಅದಂತೂ ಖರೆಯೇ. ಅವರ ಮಾತಿನಲ್ಲಿ ದಯೆ ಇತ್ತು. ನಾನು ವಾದಕ್ಕೆ ನಿಂತಿಲ್ಲ. ಕಳೆದ ಸುಗ್ಗಿ ಹಬ್ಬದಲ್ಲಿ ಓಣಿಯವರನ್ನು ಕರೆಯಲು ಹೋದವಳು ನಾನು. ಆ ದಿನ ಏನಾಯಿತೆಂಬುದು ಕಮಿಟಿಗೆ ಪೂರ್ತಿ ಗೊತ್ತಿಲ್ಲ. ಅದನ್ನು ಹೇಳಿ ಇಳಿಯುತ್ತೇನೆ.

ಪ್ರತಿ ವರ್ಷ ವಾರ್ಡನ್‌ಬಾಯಿಯವರೇ ಹೋಗಿ ಕರೆದು ಬರುತ್ತಿದ್ದರಂತೆ. ಈ ಸಲ ಅವರ ಕಾಲು ಬಾತಿತ್ತು. ಚರ್ಚಿನಲ್ಲಿ ಪಾಠ ಸ್ಪಷ್ಟವಾಗಿ ಓದುತ್ತಾಳೆಂದು ನನ್ನನ್ನು ಕಳಿಸಿದರು. ಯಾರನ್ನಾದರೂ ಊಟಕ್ಕೆ ಕರೆಯುವುದು ಹೇಗೆ? ನಿಮಗೆಲ್ಲ ಇದು ಪ್ರಶ್ನೆಯೇ ಅಲ್ಲ. ನಿಮ್ಮ ತಾಯಂದಿರು ಕರೆಯುವುದನ್ನು ನೀವು ಸೆರಗು ಹಿಡಿದು ನೋಡಿದ್ದೀರಿ. ನಾನು ಯಾರನ್ನೂ ಕರೆದವಳಲ್ಲ. ನನ್ನನ್ನೂ ಯಾರೂ ಕರೆದಿರಲಿಲ್ಲ. ರಜೆಯಲ್ಲಿ ಎಲ್ಲರೂ ಊರಿಗೆ ಹೋದಾಗ ನಾನೂ ಮೇಟ್ರನ್ನರ ಬೆಕ್ಕೂ ಬೋರ್ಡಿಂಗಿನಲ್ಲೇ ಇರುತ್ತಿದ್ದೆವು. ಅದಿರಲಿ, ಆ ವಿಷಯ ಈಗ ಬೇಡ.

ಗೊತ್ತಿಲ್ಲದಾಗ ನಾನು ಪುಸ್ತಕ ನೋಡುತ್ತೇನೆ. ಔತಣ ಮಾಡಿದರೆ ತಿರುಗಿ ಕರೆಯಬಲ್ಲ ಬಂಧುಗಳನ್ನೂ ಸಿರಿವಂತರನ್ನೂ ಕರೆಯಬೇಡ, ಬಡವರನ್ನು, ಕುಂಟರನ್ನು, ಕುರುಡರನ್ನು ಕರೆ ಎಂದು ಪ್ರಭು ಹೇಳಿದ್ದು ಅಯ್ಯನವರಿಗೆ ಗೊತ್ತೇ ಇದೆ. ಇದಕ್ಕಿಂತ ಒಳ್ಳೆಯ ಆಮಂತ್ರಣ ಯಾವುದೆಂದುಕೊಂಡು ಸುವಾರ್ತೆಯ ಪುಸ್ತಕವನ್ನು ಬಗಲಲ್ಲಿ ಇಟ್ಟುಕೊಂಡು ಹೊರಟೆ.

ಓಣಿಯ ಬಾಯಲ್ಲೇ ಹುಲಿಗೆವ್ವನವರು ಗೋಡೆಗೆ ಸಗಣಿಯ ಕುಳ್ಳು ಬಡಿಯುತ್ತಿದ್ದರು. ಆ ಗೋಡೆಯ ನೆರಳಿನಲ್ಲಿ ನಿಜಾಮುದ್ದೀನ ಕಾಕಾ ಕೂತಿದ್ದರು. ಮೊದಲು ಟಾಂಗಾ ಹೊಡೆಯುತ್ತಿದ್ದವರು, ಟಾಂಗಾ ಮಗುಚಿ ಒಂದು ಕಾಲು ಸೊಟ್ಟಗಾದವರು. ಭಾನುವಾರ ಊಟಕ್ಕೆ ಬರಬೇಕು ಎಂದೆ.

“ಏನೈತವ್ವಾ? ಮದಿವ್ಯೋ, ತೊಟ್ಲೋ?” ಎಂದರು ಹುಲಿಗೆವ್ವ.

ಎರಡೂ ಅಲ್ಲ ಎಂದೆ.

“ಮತ್ತ ಯಾಕ ಕರಿಯಾಕತ್ತಿ?”

ಯಾಕೆಂದರೆ, ಎಂದು ಪುಸ್ತಕ ಬಿಚ್ಚಿ ನಿಂತಲ್ಲೇ ಓದಿದೆ. ದನಿಯೆತ್ತಿ, ಒಂದಕ್ಷರ ನುಂಗದೆ, ಬಡವರು, ಕುಂಟರು, ಕುರುಡರು ಎಲ್ಲವನ್ನೂ ಓದಿದೆ. ಆಚೆಯ ಬಾಗಿಲುಗಳಿಂದ ಜನ ಹೊರಗೆ ಬಂದು ಕೇಳಿದರು. ಬಹಳ ಚೆನ್ನಾಗಿ ಆಗುತ್ತಿದೆಯೆಂದು ನನಗೆ ಅನಿಸಿತು.

ನಿಜಾಮುದ್ದೀನ ಕಾಕಾ ತಮ್ಮ ಕಾಲು ನೋಡಿಕೊಂಡರು. “ಕುಂಟಾ ಅಂದ್ರ ನಾನ ಅಂತಿಟ್ಕೊಳ್ರಿ. ಕುರುಡನ್ನ ಎಲ್ಲಿಂದ ತರೂಣು? ಈ ಓಣ್ಯಾಗ ಯಾರೂ ಇಲ್ಲಲ್ಲ?”

“ಸುಮ್ಕಿರು ಕಾಕಾ, ಹುಡುಗಿ ಓದಾಕತ್ತೈತಿ,” ಎಂದರು ಹುಲಿಗೆವ್ವ. ಆಮೇಲೆ ನನಗೆ, “ಬಡವ್ರು ಅಂದ್ರ ಯಾರವ್ವಾ, ನಾನೇನು? ನನಗ ಎರಡು ಎಮ್ಮಿ ಅದಾವು. ನಿನಗೆಷ್ಟದಾವು?”

ನನಗೆ ಎಮ್ಮೆ ಇಲ್ಲ. ಇಲ್ಲವೆಂದೆ. ಓಣಿಯೆಲ್ಲ ನಕ್ಕಿತು. ನೀವೂ ನಗುತ್ತಿದ್ದೀರಿ, ನಗಬಹುದು.

ಅಷ್ಟಾದರೂ ಅವರು ಕೈ ತೊಳೆದುಕೊಂಡು ಒಳಗೆ ಹೋಗಿ ತಂಬಿಗೆಯಲ್ಲಿ ನೀರು, ಅಂಗೈಯಲ್ಲಿ ಬೆಲ್ಲ ತಂದರು. “ಬಿಸಲಾಗ ಬಂದೀದಿ. ತಗೋ ತಂಗಿ.” ಹೊರಗಿನ ನೀರು ಕುಡಿಯುವಂತಿಲ್ಲ, ಅದು ನಮ್ಮ ಹಾಸ್ಟೆಲಿನ ರೂಲು, ಎಂದೆ. ರೂಲು ಮುರಿಯದ ಹುಡುಗಿ ನಾನು. ಬೋರ್ಡಿಂಗಿನಲ್ಲಿ ಅದಕ್ಕಾಗಿ ಪ್ರೈಜು ಕೂಡ ಬಂದಿದೆ.

ಅವರು ತಂಬಿಗೆ ಹಿಂದಕ್ಕೆ ತೆಗೆದುಕೊಂಡರು. “ಆ ರೂಲು ನಮ್ಮ ಊರಾಗ ಬಾಳ ಹಳೇದೈತಿ ಬಿಡವ್ವಾ,” ಎಂದರು.

ನನಗೆ ಅದು ತಿಳಿಯಲಿಲ್ಲ. ಇಲ್ಲಿಯವರೂ ನೀರು ಕಾಯಿಸಿಯೇ ಕುಡಿಯುತ್ತಾರೆ ಎಂದು ಖುಷಿಪಟ್ಟುಕೊಂಡು ಬಂದು, ಕರೆದದ್ದಾಯಿತು ಎಂದು ವಾರ್ಡನ್‌ಬಾಯಿಯವರಿಗೆ ವರದಿ ಕೊಟ್ಟೆ.

ಭಾನುವಾರ ಚರ್ಚು ಬಿಟ್ಟಿತು. ಹಾಲಿನಲ್ಲಿ ಚಾಪೆ ಹಾಸಿ ಎಲೆ ಹಾಕಿದೆವು. ಗೋದಿ ಹುಗ್ಗಿಯ ಕೊಳಗ ಬಾಗಿಲ ಬಳಿ ಹೊಗೆಯಾಡುತ್ತಿತ್ತು. ಯಾರೂ ಬರಲಿಲ್ಲ. ಹುಗ್ಗಿಯ ಹೊಗೆ ನಿಂತಿತು, ಯಾರೂ ಬರಲಿಲ್ಲ. ಹುಗ್ಗಿಯ ಮೇಲೆ ಕೆನೆ ಕಟ್ಟಿತು, ಆಗಲೂ ಯಾರೂ ಬರಲಿಲ್ಲ. ಖಾಲಿ ಎಲೆಗಳ ಮುಂದೆ ಸೌಟು ಹಿಡಿದು ನಿಂತ ಹುಡುಗಿಯರೆಲ್ಲ ನನ್ನ ಕಡೆ ನೋಡುತ್ತಿದ್ದರು.

ಬಾತ ಕಾಲನ್ನು ಸ್ಟೂಲಿನ ಮೇಲೆ ಇಟ್ಟುಕೊಂಡು ಕೂತಿದ್ದ ಕರುಣಾಬಾಯಿಯವರು ನನ್ನನ್ನು ಕರೆದು ಒಂದೇ ಪ್ರಶ್ನೆ ಕೇಳಿದರು. “ನೀ ಅಲ್ಲಿ ಏನು ತಿಂದಿ?”

ಏನೂ ಇಲ್ಲ ಬಾಯಾರೆ, ನೀರು ಕೊಟ್ಟರು, ನಾನು ರೂಲು ಹೇಳಿದೆ, ಎಂದೆ.

ಅವರು ಬಾತ ಕಾಲನ್ನು ಸ್ಟೂಲಿನಿಂದ ಕೆಳಗಿಳಿಸಿದರು. ಆಮೇಲೆ, “ರೂಲು ಮಾಡಿದಾಕಿ ನಾನ,” ಎಂದರು. “ಅದು ಟೈಫಾಯ್ಡಿಗೆ ಮಾಡಿದ್ದು ತಂಗಿ, ಮನಿಷ್ಯಾರಿಗಲ್ಲ. ತಲಿತಲಾಂತರದಿಂದ ಅವರ ಕೈನೀರು ಬ್ಯಾಡ ಅಂದವರ ಊರಿದು. ನೀನೂ ಹೋಗಿ ಹಂಗ ಅಂದು ಬಂದಿ. ಈಗ ಮತ್ತ ಹೋಗು. ಪುಸ್ತಕ ಇಲ್ಲೇ ಇಡು. ಅಲ್ಲಿ ಏನು ಕೊಡ್ತಾರ, ತಿಂದು ಬಾ. ಹುಗ್ಗಿ ಕಾಯ್ತೈತಿ.”

ಓಡಿದೆ. ಹುಲಿಗೆವ್ವನವರ ಬಾಗಿಲಿಗೆ ಬಂದು ನಿಂತಾಗ ಪುಸ್ತಕವಿಲ್ಲದ ಕೈಗಳನ್ನು ಎಲ್ಲಿ ಇಡಬೇಕೆಂದೇ ತಿಳಿಯಲಿಲ್ಲ. ಅವರು ರೊಟ್ಟಿ ಬಡಿಯುತ್ತಿದ್ದರು. ತಲೆಯೆತ್ತಿ ನೋಡಿ ಮತ್ತೆ ಬಡಿದರು. ಏನು ಹೇಳಲಿ? ನನಗೆ ಗೊತ್ತಿದ್ದ ದೇವರ ಕನ್ನಡದಲ್ಲಿ, “ಕುಡಿಯಲು ನೀರು ದೊರಕಬಹುದೇ?” ಎಂದೆ.

“ದೊರಕಬಹುದು, ದೊರಕಬಹುದು,” ಎಂದು ಅವರು ನನ್ನ ಹಾಗೆಯೇ ಅಣಕಿಸಿದರು. “ಒಳಗ ಬಾ. ಬಾಗಲಾಗ ನಿಂತು ಬೇಡಾಕ ನೀ ಏನು ಭಿಕ್ಷಾದಾಕೇನು?”

ಹೌದು ಸಭಿಕರೇ, ಆ ಹೊತ್ತು ನಾನು ಭಿಕ್ಷೆಯವಳೇ ಆಗಿದ್ದೆ.

ನೀರು ಕುಡಿದೆ. ನಮ್ಮ ಕಮಿಟಿಯಲ್ಲಿ ಡಾಕ್ಟರರಿದ್ದಾರೆ, ಅವರ ಮಾಹಿತಿಗಾಗಿ ಹೇಳುತ್ತೇನೆ, ಟೈಫಾಯ್ಡ್ ಬರಲಿಲ್ಲ. ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಹಾಕಿದರು. ತಿಂದೆ. ಇನ್ನೊಂದು ರೊಟ್ಟಿ ಮುಂದೆ ಹಿಡಿದರು. ಸಾಕು ಎಂದೆ.

“ಒಮ್ಮೆ ಸಾಕಂದ್ರ ನನಗ ಕೇಳ್ಸೂದಿಲ್ಲ,” ಎಂದು ಹಾಕಿಯೇಬಿಟ್ಟರು.

ಬೋರ್ಡಿಂಗಿನಲ್ಲಿ ನಮಗೆ ಯಾವತ್ತೂ ಕಡಿಮೆ ಮಾಡಿಲ್ಲ. ಮಿಷನಿಗೆ ನಾನು ಋಣಿ. ಸಾಲಿನಲ್ಲಿ ನಿಂತು ತಟ್ಟೆ ಚಾಚಿದರೆ ಬರುವುದು ಬರುತ್ತಿತ್ತು, ತಟ್ಟೆ ಮುಂದೆ ಸರಿಯುತ್ತಿತ್ತು. ಅನ್ನಕ್ಕೆ ಕೊರತೆಯಿರಲಿಲ್ಲ. ಆದರೆ ನಾನು ಸಾಕು ಎಂದ ಮೇಲೆ ಇಲ್ಲ, ಇನ್ನೊಂದು ತಿನ್ನು ಎಂದು ಯಾರಾದರೂ ಹಟ ಹಿಡಿದದ್ದು ನನ್ನ ನೆನಪಿನಲ್ಲಿ ಅದೇ ಮೊದಲು. ನಾನು ಅಲ್ಲಿ ಅತ್ತೆನೆಂದು ಓಣಿಯ ಹುಡುಗರು ಹೇಳುತ್ತಾರೆ. ಪುಂಡಿಪಲ್ಯ ಖಾರವಾಗಿತ್ತು.

ಕೈ ತೊಳೆದು, “ನಮ್ಮಲ್ಲಿ ಹುಗ್ಗಿ ಮಾಡಿದ್ದೇವೆ, ಬನ್ನಿ,” ಎಂದೆ. ಅಷ್ಟೇ ಅಂದದ್ದು.

“ಹಿಂಗ ಅನ್ನು,” ಎಂದರು ಹುಲಿಗೆವ್ವ. ಎದ್ದು ಸೆರಗು ಕೊಡವಿ, ಓಣಿಯ ಕಡೆ ತಿರುಗಿ, “ಏ ಸಂಗವ್ವಾ, ಏ ಕಾಕಾ, ಏಳ್ರಿ. ನಮ್ಮ ಹುಡುಗಿ ಕರಿಯಾಕ ಬಂದೈತಿ,” ಎಂದು ಕೂಗಿದರು. ನಮ್ಮ ಹುಡುಗಿ ಎಂದರು.

ಹೀಗೆ ಅವರು ಬಂದರು. ನಿಜಾಮುದ್ದೀನ ಕಾಕಾ ಎಲ್ಲಿಯದೋ ಹಳೆಯ ಕೋಟು ಹಾಕಿಕೊಂಡು ಬಂದು, “ಬಾಯಾರ, ಕುಂಟರ ಜಾಗಾ ಎಲ್ಲೈತ್ರಿ?” ಎಂದು ಬಾಗಿಲಲ್ಲೇ ಕೇಳಿದರು. ನಮ್ಮ ವಾರ್ಡನ್‌ಬಾಯಿಯವರು ಬಾತ ಕಾಲನ್ನು ಎತ್ತಿ ತೋರಿಸಿ, “ನನ್ನ ಬಾಜೂಕ ಬರ್ರಿ ಕಾಕಾ, ಇಬ್ರೂ ಕೂಡೂಣು,” ಎಂದರು. ತಣ್ಣಗಾದ ಹುಗ್ಗಿಗೆ ಬಿಸಿ ಹಾಲು ಸುರಿದು ಉಂಡೆವು. ನಡುವೆ ಹುಲಿಗೆವ್ವನವರು ಎದ್ದು ನನ್ನ ಕೈಯ ಸೌಟು ಕಸಿದುಕೊಂಡು, ನಿನಗೆ ಬಡಿಸಲು ಬರುವುದಿಲ್ಲವೆಂದು ಹೇಳಿ, ತಾವೇ ಬಡಿಸಿದರು. ಅತಿಥಿ ಯಾರು, ಮನೆಯವರು ಯಾರು ಎಂದು ಆ ಹೊತ್ತಿಗೆ ಬಂದವರು ಯಾರೂ ಹೇಳಲಾರರು.

ಮೋರಿ ಕಟ್ಟಿಕೊಂಡದ್ದು ಆವತ್ತೇ.

ಅಂದಿನಿಂದ ನಾನು ಸುವಾರ್ತೆಯನ್ನು ಬೇರೆ ಕಣ್ಣಿನಿಂದ ಓದುತ್ತಿದ್ದೇನೆ. ಅಯ್ಯನವರು ತಪ್ಪಿದ್ದರೆ ತಿದ್ದಬೇಕು. ಪ್ರಭುವಿಗೆ ಒಂದು ಮನೆಯಿತ್ತೇ? ಒಂದು ಒಲೆಯಿತ್ತೇ? ಬಡವರನ್ನು ಕರೆಯಿರಿ ಎಂದು ಆತ ಹೇಳಿದ್ದು ಇನ್ನೊಬ್ಬರ ಮನೆಯ ಊಟಕ್ಕೆ ಕೂತಾಗ. ಸುಂಕದವರ ಮನೆಯಲ್ಲಿ ಉಂಡ, ಅಕ್ಕತಂಗಿಯರ ಮನೆಯಲ್ಲಿ ಉಂಡ, ಯಾರು ಕರೆದರೆ ಅವರಲ್ಲಿಗೆ ಹೋದ. ಬಾವಿಯ ಕಟ್ಟೆಯ ಮೇಲೆ ಕೂತು, ಯಾರ ಕೈನೀರನ್ನು ತನ್ನವರು ಮುಟ್ಟುತ್ತಿರಲಿಲ್ಲವೋ ಆ ಹೆಂಗಸಿಗೆ, ನನಗೆ ಕುಡಿಯಲು ಕೊಡು ಎಂದ. ದೀನತೆ ಎಂದರೆ ತಲೆ ತಗ್ಗಿಸಿ ಕೊಡುವುದು ಎಂದು ನಾನು ತಿಳಿದಿದ್ದೆ. ಈಗ ಅನಿಸುತ್ತದೆ, ಇನ್ನೊಬ್ಬರ ಹೊಸ್ತಿಲೊಳಗೆ ಹೋಗಿ ತೆಗೆದುಕೊಳ್ಳುವುದು ಅದಕ್ಕಿಂತ ಕಷ್ಟದ್ದು. ಗೇಟಿನಲ್ಲಿ ನಿಂತು ಕೊಡಬಹುದು, ತೆಗೆದುಕೊಳ್ಳಲು ಆಗುವುದಿಲ್ಲ.

ವಾರ್ಡನ್‌ಬಾಯಿಯವರ ಪರ್ಮಿಶನ್ ಪಡೆದು ನಾನು ಈಗ ಭಾನುವಾರಗಳಲ್ಲಿ ಓಣಿಗೆ ಹೋಗುತ್ತೇನೆ. ಬೋರ್ಡಿನ ನೋಟೀಸಿನ ವಿಷಯವನ್ನು ಹೋದ ವಾರ ಹುಲಿಗೆವ್ವನವರಿಗೆ ಹೇಳಿದೆ. ಅವರಿಗೆ ಸಿಟ್ಟು ಬರುತ್ತದೆಂದು ಹೆದರಿದ್ದೆ. ಬರಲಿಲ್ಲ.

“ಕಟ್ಟಿ ಕೊಟ್ರ ನಾವು ಬರೂದಿಲ್ಲ ತಂಗಿ. ಹಸದು ಬಂದಿದ್ವೇನು ನಾವು? ನೀ ಕರದಿ, ಬಂದ್ವಿ,” ಎಂದರು. ಎಮ್ಮೆಗೆ ಮೇವು ಹಾಕಿ ಬಂದು ಮತ್ತೆ ಕೇಳಿದರು. “ನಿಮ್ಮ ಸಾಹೇಬ್ರು ಬಾಳ ಶಾಣ್ಯಾರಂತೀ. ಅವರನ್ನ ಯಾರರೆ ಇಂಥಾ ಮನಿಗೆ ಊಟಕ್ಕ ಕರದಾರೇನು?”

ಗೊತ್ತಿಲ್ಲ, ಬಹುಶಃ ಇಲ್ಲ ಎಂದೆ.

“ಪಾಪ,” ಎಂದರು. ಅಧ್ಯಕ್ಷರು ಕ್ಷಮಿಸಬೇಕು, ಅವರು ಅಂದದ್ದನ್ನೇ ಹೇಳುತ್ತಿದ್ದೇನೆ. “ಮತ್ತ ಅವರಿಗೆ ಹೆಂಗ ಗೊತ್ತಾಗಬೇಕು? ಬರೂ ಐತವಾರ ಕರಕೊಂಡ ಬಾ. ಎಲ್ಲಾರನ್ನೂ. ಕಾಕಾ ಕೋಟು ಒಗಿಯಾಕ ಹಾಕ್ಯಾನ.”

ಆದ್ದರಿಂದ ನಾನು ಇಲ್ಲಿ ನಿಂತಿರುವುದು ನಿಜವಾಗಿ ವಂದನಾರ್ಪಣೆಗಲ್ಲ. ಸೌಂಶಿ ಸಾಹೇಬರೇ, ಕಮಿಟಿಯ ಹಿರಿಯರೇ, ಬರುವ ಭಾನುವಾರ ಹುಲಿಗೆವ್ವನವರ ಮನೆಗೆ ಊಟಕ್ಕೆ ಬನ್ನಿ. ರೊಟ್ಟಿ ಮಾಡುತ್ತಾರೆ. ನಿರ್ಣಯವನ್ನು ಇವತ್ತು ಬರೆಯಬೇಡಿ. ಅಲ್ಲಿ ಉಂಡು ಬಂದ ಮೇಲೆ ಗೇಟೆಂದು ಬರೆದರೂ ಸರಿ, ಹಾಲೆಂದು ಬರೆದರೂ ಸರಿ, ನಾನು ಎರಡನೆಯ ಮಾತಾಡುವುದಿಲ್ಲ.

ಅಧ್ಯಕ್ಷರು ಏನೋ ಹೇಳುತ್ತಿದ್ದಾರೆ. ಹಿಂದಿನವರು ಸ್ವಲ್ಪ ಸುಮ್ಮನಿರಿ, ಕೇಳಿಸುತ್ತಿಲ್ಲ.

ಎಷ್ಟು ಗಂಟೆಗೆ ಬರಬೇಕು ಎಂದು ಕೇಳುತ್ತಿದ್ದಾರೆ.

ಚರ್ಚು ಬಿಟ್ಟ ಮೇಲೆ ನೇರವಾಗಿ, ಸಾಹೇಬರೇ. ಮನೆಗೆ ಹೋಗಿ ಏನೂ ತಿಂದು ಬರಬೇಡಿ. ಅಲ್ಲಿ ಸಾಕು ಎಂದರೆ ಕೇಳಿಸುವುದಿಲ್ಲ.

ಇಷ್ಟು ಹೊತ್ತು ಕುರ್ಚಿ ಸದ್ದು ಮಾಡದೆ ಕೂತ ನಿಮ್ಮೆಲ್ಲರಿಗೂ ನನ್ನ ವಂದನೆಗಳು. ನಮಸ್ಕಾರ.