ಇಪ್ಪತ್ತೆಂಟು ಮೈಲಿಯ ನಡುಕ

ಹೆಸರು: ಬೊಮ್ಮಾಚಾರಿ. ತಂದೆ: ದಿವಂಗತ ಕಾಳಾಚಾರಿ. ವಯಸ್ಸು: ಐವತ್ತೆರಡು. ಕಸುಬು: ಎತ್ತಿನ ಗಾಡಿಗಳ ಚಕ್ರ ಕಟ್ಟುವುದು. ವಾಸ: ಮಧುಗಿರಿ ಕಸಬೆ, ಕೋಟೆ ಬಾಗಿಲ ಹತ್ತಿರ.

ಮೇಲ್ಕಂಡ ನಾನು, ಯಾರೂ ಕರೆಕಳಿಸದೆ ನಾನಾಗಿಯೇ ಠಾಣೆಗೆ ಬಂದು, 1931ನೇ ಇಸವಿ ಮಾರ್ಚಿ 12ನೇ ತಾರೀಖು ಗುರುವಾರ ಸಂಜೆ ಐದು ಗಂಟೆಗೆ ಸಬ್ ಇನ್ಸ್‌ಪೆಕ್ಟರ್ ಸಾಹೇಬರ ಸಮಕ್ಷಮ ಈ ಮೂಲಕ ತಿಳಿಸುವುದೇನೆಂದರೆ:

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳಲ್ಲಿ ನಮ್ಮ ಮನೆಯ ಚಕ್ರ ಹೋಗದ ಊರಿಲ್ಲ. ಚಕ್ರ ಮುರಿಯಿತೆಂದು ಹಿಂದಕ್ಕೆ ತಂದವರು ನನ್ನ ಕಾಲದಲ್ಲಿ ಇಬ್ಬರೇ. ಅವರಲ್ಲಿ ಒಬ್ಬ ಗಾಡಿಯನ್ನು ಚನ್ನರಾಯನದುರ್ಗದ ಬಂಡೆಯ ಮೇಲಿಂದ ಉರುಳಿಸಿಕೊಂಡವನು. ಈ ಮಾತು ಮೊಕದ್ದಮೆಗೆ ಬೇಡವೆಂದು ಬರೆದುಕೊಳ್ಳುವ ದಫೇದಾರರು ಹೇಳಿದರು. ಬೇಕೆಂದು ನಾನು ಹಟ ಹಿಡಿದದ್ದರಿಂದ ಬರೆದಿದ್ದಾರೆ.

ನಮ್ಮ ಮನೆಯಲ್ಲಿ ತಾತನ ಕಾಲದಿಂದ ಒಂದು ಪದ್ಧತಿ ಉಂಟು. ಹೊಸ ಚಕ್ರ ಕಟ್ಟಲಿ, ಹಳೆಯದಕ್ಕೆ ಕಡ್ಡಿ ಹಾಕಲಿ, ಕೆಲಸ ಮುಗಿದ ಮೇಲೆ ಚಕ್ರದ ಸುತ್ತಿನ ಒಳಮಗ್ಗುಲಿಗೆ ಒಂದು ಗೇಣುದ್ದದ ಕಬ್ಬಿಣದ ಪಟ್ಟಿಯನ್ನು ನಾಲ್ಕು ಮೊಳೆ ಹೊಡೆದು ಕೂರಿಸುತ್ತೇವೆ. ಪಟ್ಟಿಯ ಮೇಲೆ ಬಾಚಿಯ ಗುರುತು ಕೊರೆದಿರುತ್ತದೆ. ಅದನ್ನು ನೋಡಿದವರು ಇದು ಕಾಳಾಚಾರಿ ಮನೆಯ ಕೆಲಸವೆಂದು ತಿಳಿಯುತ್ತಾರೆ. ಪಟ್ಟಿ ಇಲ್ಲದೆ ನಮ್ಮ ಕೆಲಸದ ಕೊಟ್ಟಿಗೆಯಿಂದ ಯಾವ ಚಕ್ರವೂ ಆಚೆಗೆ ಹೋದದ್ದಿಲ್ಲ.

ಈ ಕಸಬೆಯ ಚನ್ನಮಲ್ಲಯ್ಯನವರಿಗೆ ಮರದ ಕಡ್ಡಿಯ ಚಕ್ರಗಳಿರುವ ಒಂದು ಬಾಡಿಗೆ ಮೋಟಾರು ಇದೆ. ಅದರ ಡ್ರೈವರು ಶಿರಾದ ನಸ್ರುಲ್ಲಾ, ವಯಸ್ಸು ಸುಮಾರು ಮೂವತ್ತು. ಕಳೆದ ಫೆಬ್ರವರಿ 20ನೇ ತಾರೀಖು ಶುಕ್ರವಾರ ಆ ಮೋಟಾರಿನ ಎಡಗಡೆ ಮುಂಚಕ್ರದ ಎರಡು ಕಡ್ಡಿ ಮುರಿದಿವೆಯೆಂದು ಚನ್ನಮಲ್ಲಯ್ಯನವರು ಚಕ್ರವನ್ನು ನನ್ನಲ್ಲಿಗೆ ಕಳಿಸಿದರು. ಬೆಂಗಳೂರಿಂದ ಬೇರೆ ಚಕ್ರ ತರಿಸಲು ತಿಂಗಳಾಗುತ್ತದೆಂದೂ ಅಲ್ಲಿಯವರೆಗೆ ಗಾಡಿ ನಿಲ್ಲಿಸಲಾಗದೆಂದೂ ಹೇಳಿ ಕಳಿಸಿದ್ದರು. ವಿಲಾಯತಿ ಚಕ್ರವಾದರೇನು, ಮರ ಮರವೇ ಎಂದು ನಾನು ಒಪ್ಪಿಕೊಂಡೆ. ಹಳೆಯ ಜಾಲಿಯಲ್ಲಿ ಎರಡು ಕಡ್ಡಿ ಕೆತ್ತಿ, ಕೂದಲೆಳೆ ಸಂದಿಲ್ಲದ ಹಾಗೆ ಕೂರಿಸಿ, ಪದ್ಧತಿಯಂತೆ ಪಟ್ಟಿ ಹೊಡೆದು ಮೂರನೆಯ ದಿನ ಕೊಟ್ಟೆ. ಮೋಟಾರಿಗೆ ನಮ್ಮ ಗುರುತು ಬಿತ್ತಲ್ಲ ಎಂದು ಆ ದಿನ ಬಹಳ ಹಿಗ್ಗಿದ್ದೆ. ಬೀದಿಯ ನಾಲ್ಕು ಜನರನ್ನು ಕರೆದು ತೋರಿಸಿದ್ದೂ ಉಂಟು.

ಮಾರ್ಚಿ 2ನೇ ತಾರೀಖು ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ನಸ್ರುಲ್ಲಾ ನನ್ನ ಕೊಟ್ಟಿಗೆಗೆ ಬಂದನು. ಗಾಡಿ ಗಂಟೆಗೆ ಇಪ್ಪತ್ತೈದು ಮೈಲಿ ವೇಗದವರೆಗೆ ನೆಟ್ಟಗೆ ಹೋಗುತ್ತದೆಂದೂ, ಇಪ್ಪತ್ತೆಂಟಕ್ಕೆ ಬಂದ ಕೂಡಲೇ ಸ್ಟೇರಿಂಗು ಕೈಯಲ್ಲಿ ನಿಲ್ಲದಂತೆ ನಡುಗುತ್ತದೆಂದೂ, ಚಕ್ರ ಹಾಕಿಸಿದ ದಿನದಿಂದ ಹೀಗಿದೆಯೆಂದೂ ಹೇಳಿದನು. ಸಾಹುಕಾರ ಚನ್ನಮಲ್ಲಯ್ಯನವರಿಗೆ ಹೇಳಿದರೆ ಮೆಲ್ಲಗೆ ಓಡಿಸು ಅಂದರಂತೆ. ಅವನ ಮಾತನ್ನು ಅವನು ಅಂದ ಹಾಗೆಯೇ ಬರೆಸುತ್ತೇನೆ: "ಆಚಾರ್ರೇ, ನಿಮ್ ಕೆಲ್ಸ ಕೆಟ್ಟದು ಅಂತಿಲ್ಲ. ಒಂದ್ಸಲ ಕುಂತ್ಕೊಂಡು ನೋಡ್ಬುಡಿ, ಸಾಕು."

ನಾನು ನೋಡಲಿಲ್ಲ. ಕುಣೀಲಾರ್ದೋಳು ನೆಲ ಡೊಂಕು ಅಂದ್ಳಂತೆ ಎಂದು ಕೊಟ್ಟಿಗೆಯಲ್ಲಿದ್ದ ಐದು ಜನರ ಮುಂದೆ ಅಂದೆ. ಇಪ್ಪತ್ತು ಪಲ್ಲ ರಾಗಿ ಹೊರುವ ಚಕ್ರ ಕಟ್ಟುವವನಿಗೆ ನೀನು ಬುದ್ಧಿ ಹೇಳಬೇಡ, ತೋಳಿನಲ್ಲಿ ಕಸುವಿಲ್ಲದಿದ್ದರೆ ಒಂದು ತಿಂಗಳು ಮುದ್ದೆ ತಿಂದು ಬಾ ಎಂದೂ ಅಂದೆ. ಅವರೆಲ್ಲ ನಕ್ಕರು. ನಸ್ರುಲ್ಲಾ ತಿರುಗಿ ಹೋದನು.

9ನೇ ತಾರೀಖು ಸೋಮವಾರ ಮಧ್ಯಾಹ್ನ ಮೂರು ಗಂಟೆಯಲ್ಲಿ ಶಿರಾ ರಸ್ತೆಯ ಏಳನೇ ಮೈಲಿಗಲ್ಲಿನಿಂದ ಸುಮಾರು ಐವತ್ತು ಗಜ ಆಚೆ ಆ ಮೋಟಾರು ಮೋರಿಯ ಕಟ್ಟೆಗೆ ಬಡಿಯಿತು. ಬಲಗಡೆ ಮಡ್‌ಗಾರ್ಡು ಮತ್ತು ದೀಪ ಜಖಂ ಆದವು. ಗಾಡಿಯಲ್ಲಿದ್ದವರು ಸರ್ಕಾರಿ ಸೂಲಗಿತ್ತಿ ಸರಸಮ್ಮನವರು. ಬಡವನಹಳ್ಳಿಯಲ್ಲಿ ಹೆರಿಗೆ ಕಷ್ಟವಾಗಿದೆಯೆಂದು ಕರೆ ಬಂದಿದ್ದರಿಂದ ಬೇಗ ಓಡಿಸೆಂದು ಅವರೇ ಹೇಳಿದ್ದರಂತೆ. ಅವರ ಎಡ ಮಣಿಕಟ್ಟು ಮುರಿಯಿತು. ಆ ತಾಯಿ ಸೆರಗು ಹರಿದು ಕೈ ಕಟ್ಟಿಕೊಂಡು, ಎದುರಿಗೆ ಬಂದ ಎತ್ತಿನ ಗಾಡಿಯನ್ನು ತಿರುಗಿಸಿಕೊಂಡು ಬಡವನಹಳ್ಳಿಗೆ ಹೋಗಿ ಒಂದೇ ಕೈಯಲ್ಲಿ ಹೆರಿಗೆ ಮಾಡಿಸಿದರೆಂದು ಕೇಳಿದ್ದೇನೆ. ನಮ್ಮ ಊರಿನವರು ಅವರು.

ಅದೇ ಸಂಜೆ ಚನ್ನಮಲ್ಲಯ್ಯನವರು ಡ್ರೈವರು ಕುಡಿದು ಓಡಿಸಿದನೆಂದು ಫಿರ್ಯಾದು ಕೊಟ್ಟರು. ಪೊಲೀಸರು ನಸ್ರುಲ್ಲಾನ ಲೈಸೆನ್ಸು ಕಿತ್ತುಕೊಂಡು ಅವನನ್ನು ಲಾಕಪ್ಪಿನಲ್ಲಿಟ್ಟರು. ಗಾಡಿ ನಡುಗಿತೆಂದು ಅವನು ಹೇಳಿದ್ದನ್ನು ಯಾರೂ ನಂಬಲಿಲ್ಲ. ನಡುಗಿದ್ದು ಗಾಡಿಯಲ್ಲ, ಹೆಂಡ ಎಂದು ಪೇಟೆಯಲ್ಲಿ ಜನ ಆಡಿಕೊಂಡರು.

11ನೇ ತಾರೀಖು ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ ನಸ್ರುಲ್ಲಾನ ಹೆಂಡತಿ ಜೈನಾಬಿ ಶಿರಾದಿಂದ ಬಂದು ನನ್ನ ಕೊಟ್ಟಿಗೆಯ ಬಾಗಿಲಲ್ಲಿ ನಿಂತಳು. ಕೂತುಕೊಳ್ಳಮ್ಮ ಎಂದರೆ ಕೂರಲಿಲ್ಲ. ಅಳಲೂ ಇಲ್ಲ. ಅವಳು ಹೇಳಿದ್ದು ಇಷ್ಟೇ: "ನಮ್ಮನೆಯವರು ಒಂದು ತೊಟ್ಟು ಕುಡಿದೋರಲ್ಲ. ಗಾಡಿ ನಡುಗ್ತದೆ ಅಂತ ನಿಮ್ಗೆ ಮೊದ್ಲೇ ಬಂದು ಹೇಳಿದ್ರಂತೆ. ಅದು ಹೌದಾ ಅಲ್ವಾ, ಅಷ್ಟು ಹೇಳಿ, ಓಯ್ತೀನಿ." ಹೌದಮ್ಮ ಎಂದು ನಾನು ಹೇಳಿದೆ. ಅವಳು ತಿರುಗಿ ನಡೆದಳು. ಆ ದಿನ ಬಾಚಿ ಹಿಡಿದರೂ ಕೈ ಓಡಲಿಲ್ಲ.

ಈ ದಿನ ಬೆಳಿಗ್ಗೆ ಏಳು ಗಂಟೆಗೆ ನಾನು ಠಾಣೆಗೆ ಬಂದು, ಗಾಡಿಯನ್ನು ಓಡಿಸಿ ನೋಡಬೇಕೆಂದು ಸಬ್ ಇನ್ಸ್‌ಪೆಕ್ಟರ್ ಸಾಹೇಬರನ್ನು ಕೇಳಿಕೊಂಡೆ. ಅವರು ಒಪ್ಪಿದರು. ತಾಲ್ಲೂಕು ಕಚೇರಿಯ ಮೋಟಾರು ಓಡಿಸುವ ಪಾವಗಡದ ಕದರಪ್ಪ ಸ್ಟೇರಿಂಗು ಹಿಡಿದನು. ನಾನು ಅವನ ಪಕ್ಕದಲ್ಲಿ, ಸಾಹೇಬರೂ ಚನ್ನಮಲ್ಲಯ್ಯನವರೂ ಹಿಂದಿನ ಸೀಟಿನಲ್ಲಿ ಕುಳಿತೆವು. ಮೊದಲು ನಾನು ಮುಂಚಕ್ರಗಳನ್ನು ಹಿಡಿದು ಅಲ್ಲಾಡಿಸಿದೆ, ಸಡಿಲವಿರಲಿಲ್ಲ. ಸ್ಟೇರಿಂಗಿನ ಸರಳುಗಳನ್ನು ಎಳೆದು ನೋಡಿದೆ, ಗಟ್ಟಿಯಾಗಿದ್ದವು. ಟೈರುಗಳಲ್ಲಿ ಉಬ್ಬು ಇರಲಿಲ್ಲ.

ಶಿರಾ ರಸ್ತೆಯ ಎರಡನೇ ಮೈಲಿಯಿಂದ ವೇಗ ಏರಿಸಿದೆವು. ಹದಿನೈದಕ್ಕೆ ಏನೂ ಇಲ್ಲ. ಇಪ್ಪತ್ತಕ್ಕೆ ಏನೂ ಇಲ್ಲ. ಇಪ್ಪತ್ತಾರಕ್ಕೆ ಸ್ಟೇರಿಂಗು ಮಿಸುಕಾಡಿತು. ಮುಳ್ಳು ಇಪ್ಪತ್ತೆಂಟಕ್ಕೆ ಬಂದಾಗ ಕದರಪ್ಪನ ಎರಡು ಕೈಯೂ ಮೊರದಲ್ಲಿ ಕಾಳು ಕೇರುವವರ ಕೈಯಂತೆ ಕುಣಿದವು. ಅವನು "ಅಯ್ಯೋ ದೇವುಡಾ, ಇದೇನಪ್ಪಾ ದೆವ್ವ ಹಿಡಿದಂಗೆ ಆಡ್ತೈತೆ" ಎಂದು ಪೆಡಲಿನಿಂದ ಕಾಲು ತೆಗೆದನು. ಹಿಂದಿನ ಸೀಟಿನಲ್ಲಿ ಅಷ್ಟು ಅಲುಗಾಟವಿಲ್ಲವೆಂದು ಸಾಹೇಬರು ಹೇಳಿದರು. ಹಾಗಾದರೆ ಕಾಯಿಲೆ ಮುಂದುಗಡೆ ಇದೆಯೆಂದು ನನಗೆ ತಿಳಿಯಿತು.

ಕಾರಣ ಎಂಜಿನ್ನೇ ಆಗಿರಲಿ ದೇವರೇ ಎಂದು ಮನಸ್ಸಿನಲ್ಲಿ ಹಾರೈಸಿದೆ. ಮುಚ್ಚಿಡುವುದಿಲ್ಲ. ಮುಂದಿನ ಇಳಿಜಾರಿನಲ್ಲಿ ಮೂವತ್ತಕ್ಕೆ ಏರಿಸಿ, ಗೇರು ತಪ್ಪಿಸಿ ಎಂಜಿನ್ನು ನಿಲ್ಲಿಸೆಂದು ಕದರಪ್ಪನಿಗೆ ಹೇಳಿದೆ. ಎಂಜಿನ್ನು ಸತ್ತ ಮೇಲೂ ಗಾಡಿ ಹಾಗೆಯೇ ನಡುಗಿತು. ಇಪ್ಪತ್ತನಾಲ್ಕಕ್ಕೆ ಇಳಿದ ಮೇಲೆ ತಾನಾಗಿಯೇ ಸುಮ್ಮನಾಯಿತು.

ಆಗ ನನಗೆ ನನ್ನ ಸಾಣೆಕಲ್ಲು ನೆನಪಾಯಿತು. ಒಂದು ಮಗ್ಗುಲು ತೂಕವಿರುವ ಸಾಣೆಕಲ್ಲನ್ನು ಮೆಲ್ಲಗೆ ತಿರುಗಿಸಿದರೆ ಗೊತ್ತಾಗುವುದಿಲ್ಲ, ಜೋರಾಗಿ ತಿರುಗಿಸಿದರೆ ಕಟ್ಟೆಯನ್ನೇ ಕುಣಿಸುತ್ತದೆ. ಎಂಟೂವರೆ ಗಂಟೆಗೆ ಗಾಡಿಯನ್ನು ರಸ್ತೆಬದಿಯ ಹುಣಿಸೆ ಮರದ ಕೆಳಗೆ ನಿಲ್ಲಿಸಿ ಜಾಕಿ ಕೊಡಿಸಿದೆ. ಬಲಗಡೆ ಮುಂಚಕ್ರವನ್ನು ಹತ್ತು ಸಲ ತಿರುಗಿಸಿ ಬಿಟ್ಟೆ. ಒಂದೊಂದು ಸಲ ಒಂದೊಂದು ಕಡೆ ನಿಂತಿತು. ಎಡಗಡೆಯದನ್ನು ಹತ್ತು ಸಲ ಬಿಟ್ಟೆ. ಹತ್ತು ಸಲವೂ ನನ್ನ ಪಟ್ಟಿ ಕೆಳಗೆ ಬಂದು, ಎರಡು ಸಲ ತೂಗಾಡಿ ನಿಂತಿತು. ಎಣಿಸಿದವರು ಸಾಹೇಬರು.

ಸಾಹೇಬರು ನೀರು ಕುಡಿಯಲು ಬಾವಿಯ ಕಡೆ ಹೋದಾಗ ಚನ್ನಮಲ್ಲಯ್ಯನವರು ನನ್ನ ಹತ್ತಿರ ಬಂದರು. ಪಟ್ಟಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡುಬಿಡಿ, ಟೈರು ಸರಿಯಿರಲಿಲ್ಲ ಅಂದರೆ ಮುಗಿಯಿತು, ಇಲ್ಲದಿದ್ದರೆ ನಾಳೆಯಿಂದ ನಿಮ್ಮ ಕೊಟ್ಟಿಗೆಗೆ ಯಾರು ಬರುತ್ತಾರೆ, ಮೂರು ತಲೆಮಾರಿನ ಹೆಸರು ಎಂದು ಮೆಲುದನಿಯಲ್ಲಿ ಹೇಳಿದರು. ತಪ್ಪನ್ನು ಟೈರಿನ ಮೇಲೆ ಹಾಕಿದರೂ ನಸ್ರುಲ್ಲಾ ನೋಡದೆ ಓಡಿಸಿದನೆಂದೇ ಆಗುತ್ತದೆ, ಅವನ ಲೈಸೆನ್ಸು ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ನಾನು ಕೊಟ್ಟ ಉತ್ತರ: "ಇನ್ನೊಬ್ಬನ್ನ ಜೈಲಿಗೆ ಕಳ್ಸಿ ಉಳುಸ್ಕೊಳ್ಳೋ ಹೆಸ್ರು ನಮ್ಮಪ್ಪ ನಂಗೆ ಕೊಟ್ಟೋಗಿಲ್ಲ ಕಣ್ರಯ್ಯಾ." ಆಮೇಲೆ ಅವರು ಸಾಹೇಬರ ಮುಂದೆ, ಡ್ರೈವರು ಕುಡಿದದ್ದನ್ನು ತಾವು ಕಣ್ಣಾರೆ ಕಂಡಿಲ್ಲವೆಂದು ಒಪ್ಪಿಕೊಂಡರು.

ಸಾಹೇಬರು ಬಂದ ಮೇಲೆ ಅವರ ಎದುರಿಗೆ ನಾಲ್ಕು ಮೊಳೆ ಕಿತ್ತು ಪಟ್ಟಿಯನ್ನು ತೆಗೆದೆ. ಊರಿಗೆ ಬಂದು ಅಕ್ಕಸಾಲೆಯ ತಕ್ಕಡಿಯಲ್ಲಿ ತೂಗಿಸಿದಾಗ ಹದಿನೆಂಟು ತೊಲ ಬಂತು. ಪಟ್ಟಿ ತೆಗೆದ ಮೇಲೆ ಅದೇ ರಸ್ತೆಯಲ್ಲಿ ಅದೇ ಕದರಪ್ಪ ಇಪ್ಪತ್ತೆಂಟು, ಮೂವತ್ತು, ಮೂವತ್ತೈದು ಮೈಲಿಯಲ್ಲಿ ಓಡಿಸಿದನು. ಮೂವತ್ತೈದರಲ್ಲಿ ಒಂದು ಕೈ ಬಿಟ್ಟು ನಶ್ಯ ಏರಿಸಿದನು. ನನ್ನ ಜಾಲಿ ಕಡ್ಡಿಗಳು ಮೋರಿಗೆ ಬಡಿದ ಮೇಲೂ ಕೂದಲಷ್ಟು ಅಲುಗಿಲ್ಲವೆಂಬುದನ್ನೂ ಸಾಹೇಬರು ನೋಡಿದ್ದಾರೆ, ಅದನ್ನೂ ಬರೆಯಬೇಕು. ಕೆಲಸ ಕೆಟ್ಟದ್ದಲ್ಲ. ಎತ್ತಿನ ನಡಿಗೆಯ ಲೆಕ್ಕದ ಕೆಲಸವನ್ನು ಮೋಟಾರಿನ ಓಟಕ್ಕೆ ಕಟ್ಟಿದ್ದು ತಪ್ಪು. ಗಂಟೆಗೆ ಎರಡೂವರೆ ಮೈಲಿ ಹೋಗುವ ಗಾಡಿಯಲ್ಲಿ ಆ ಪಟ್ಟಿ ನೂರು ವರ್ಷ ಇದ್ದರೂ ಯಾರಿಗೂ ತಿಳಿಯುತ್ತಿರಲಿಲ್ಲ. ಆ ತಪ್ಪು ಮಾಡಿದವನು ನಾನು. ನಸ್ರುಲ್ಲಾ ಅಲ್ಲ.

ಇದುವರೆಗಿನದನ್ನು ಬರೆದುಕೊಂಡ ದಫೇದಾರರು ಕೊನೆಗೆ, ಮೋಟಾರಿನ ಈ ದೋಷವನ್ನು ತಮ್ಮ ಕೈಚಳಕದಿಂದ ಪತ್ತೆ ಮಾಡಿದವರು ಬೊಮ್ಮಾಚಾರಿಯವರು ಎಂದು ಒಂದು ಸಾಲು ಬರೆದು ಓದಿದರು. ಸಾಹೇಬರೂ ತಲೆದೂಗಿದರು. ಕೇಳಿ ನನಗೆ ಸಂತೋಷವಾಯಿತು, ಇಲ್ಲವೆನ್ನುವುದಿಲ್ಲ. ಲಾಕಪ್ಪಿನ ಸರಳು ಹಿಡಿದು ನಿಂತಿದ್ದ ನಸ್ರುಲ್ಲಾ ಅದನ್ನು ಕೇಳಿಸಿಕೊಂಡು ತಲೆ ತಗ್ಗಿಸಿದನು. ಆ ಸಾಲನ್ನು ಹೊಡೆದುಹಾಕಬೇಕೆಂದು ನಾನು ಕೇಳಿಕೊಂಡೆ.

ಏಕೆಂದರೆ ಎಷ್ಟು ಮೈಲಿಗೆ ನಡುಕ ಬರುತ್ತದೆ, ಎಲ್ಲಿ ಬರುತ್ತದೆ, ಯಾವತ್ತಿನಿಂದ ಬಂದಿದೆ ಎಂಬ ಮೂರನ್ನೂ ಅವನು ಹತ್ತು ದಿನ ಮೊದಲೇ ನನಗೆ ಸರಿಯಾಗಿ ಹೇಳಿದ್ದನು. ನಾನು ಈ ದಿನ ಮಾಡಿದ್ದು ಅವನ ಮಾತನ್ನು ಒರೆಗೆ ಹಚ್ಚಿ ನೋಡಿದ್ದಷ್ಟೇ. ಅಂದೇ ನೋಡಿದ್ದರೆ ಸರಸಮ್ಮನವರ ಕೈ ಮುರಿಯುತ್ತಿರಲಿಲ್ಲ. ಅವನ ಲೈಸೆನ್ಸನ್ನು ವಾಪಸು ಕೊಡಬೇಕು. ಕೋರ್ಟಿಗೆ ಕರೆದರೆ ಅಲ್ಲಿಯೂ ಇದನ್ನೇ ಹೇಳುತ್ತೇನೆ. ಹೊಡೆದುಹಾಕಿದ ಸಾಲಿನ ಜಾಗದಲ್ಲಿ ನಾನು ಹೇಳಿ ಬರೆಸಿದ್ದು: ದೋಷ ಮಾಡಿದವನು ಕಾಳಾಚಾರಿಯ ಮಗ ಬೊಮ್ಮಾಚಾರಿ. ಪತ್ತೆ ಮಾಡಿದವನು ಶಿರಾದ ಡ್ರೈವರು ನಸ್ರುಲ್ಲಾ.

ಮೇಲಿನದೆಲ್ಲವನ್ನೂ ದಫೇದಾರರು ಎರಡು ಸಲ ಗಟ್ಟಿಯಾಗಿ ಓದಿದರು. ಎರಡನೆಯ ಸಲ ಲಾಕಪ್ಪಿಗೆ ಕೇಳಿಸುವ ಹಾಗೆ ಓದಿಸಿದೆ. ನಾನು ಹೇಳಿದ್ದರಲ್ಲಿ ಒಂದು ಮಾತು ಬಿಟ್ಟಿಲ್ಲ, ಹೇಳದ್ದು ಒಂದೂ ಸೇರಿಲ್ಲ, ಎಲ್ಲವೂ ನಿಜವೆಂದು ಒಪ್ಪಿ ರುಜು ಹಾಕಿರುತ್ತೇನೆ.

ಸ್ಥಳ: ಮಧುಗಿರಿ
ತಾರೀಖು: 12–3–1931

(ರುಜು) ಬೊಮ್ಮಾಚಾರಿ